ಇಬ್ಬರು ಹಾಡಿದರು, ಊರೆಲ್ಲ ಮಾತಾಡಿತು

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಸಂಗೀತದ ಪುಟಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸಬರ ಮೊದಲ ಆಲ್ಬಂಗಳ ಬಗ್ಗೆಯೇ ಇವೆ. ಮುಂಬೈಯ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ದನಿಗಳನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್ ಮೇಜಿನ ಮುಂದೆ ದುಡಿದು ಬದುಕಿದವನು ನಾನು. ಹೀಗಾಗಿ ಮೊದಲ ಪತ್ರಕ್ಕೆ ಬರೆದ ಉತ್ತರ ಉದ್ದವಾಗಿದೆ. ಸಂಪಾದಕರು ಜಾಗ ಕೊಟ್ಟಿದ್ದಾರೆ.

ಪ್ರಶ್ನೆ: ಸರ್, ನಾನು ಮತ್ತು ನನ್ನ ಕಾಲೇಜು ಗೆಳತಿ ಸೇರಿ ಎಂಟು ಹಾಡುಗಳ ಮೊದಲ ಆಲ್ಬಂ ಹೊರತಂದಿದ್ದೇವೆ. ಆರು ಕನ್ನಡ, ಎರಡು ಮರಾಠಿ. ಬರೆಯುವುದು, ಮುಖ್ಯ ದನಿ, ಗಿಟಾರ್ ನನ್ನದು. ಕೆಳಗಿನ ನಾದದ ಬೇಸ್ ಗಿಟಾರ್, ಎರಡನೆಯ ದನಿ, ರೆಕಾರ್ಡಿಂಗ್ ಅವಳದು. ಎಲ್ಲವೂ ನಮ್ಮ ಮನೆಯ ಮಲಗುವ ಕೋಣೆಯಲ್ಲೇ ಆಯಿತು. ಈಗ ಕೇಳುಗರ ಮಾತುಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ‘ಎಲ್ಲ ಹಾಡೂ ಒಂದೇ ಥರ’ ಎಂದು ಒಬ್ಬರು, ‘ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ’ ಎಂದು ಮತ್ತೊಬ್ಬರು. ‘ಬೆಚ್ಚಗಿದೆ’ ಎಂದವರೂ ಇದ್ದಾರೆ, ‘ಟೊಳ್ಳಾಗಿದೆ’ ಎಂದವರೂ ಇದ್ದಾರೆ. ಬೆಂಗಳೂರಿನವರಿಗೆ ನಮ್ಮ ಕನ್ನಡದಲ್ಲಿ ಮುಂಬೈ ವಾಸನೆ ಬಡಿಯುತ್ತದಂತೆ. ಎಲ್ಲಕ್ಕಿಂತ ನೋವು ಕೊಟ್ಟ ಮಾತು: ‘ನಿನ್ನ ದನಿ ಚೆನ್ನಾಗಿದೆ, ಆ ಇನ್ನೊಬ್ಬಳು ಏನು ಮಾಡುತ್ತಾಳೆ?’ ಇದನ್ನು ತುಂಬ ಜನ ಕೇಳಿದರು. ಪುಣೆಯ ಕೋಥರೂಡಿನಲ್ಲಿ ಸಣ್ಣ ಕಾರ್ಯಕ್ರಮ ಕೊಟ್ಟಾಗ ಮಾತ್ರ ಬಂದವರೆಲ್ಲ ಅವಳನ್ನೇ ಮುತ್ತಿಕೊಂಡರು. ಆದರೂ ಅವಳು ‘ಮುಂದಿನದನ್ನು ನೀನೊಬ್ಬಳೇ ಮಾಡು’ ಎನ್ನುತ್ತಿದ್ದಾಳೆ. ಯಾರ ಮಾತನ್ನು ನಂಬಲಿ? – ಓದುಗಿ, ಡೊಂಬಿವಲಿ

ಉತ್ತರ: ತಂಗಿ, ನಿಮ್ಮ ಗೆಳತಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದು ಕಾಯುತ್ತದೆ, ಇದು ಕಾಯುವುದಿಲ್ಲ. ಅವರ ಕೆಲಸ ಕೇಳುಗರಿಗೆ ಹಿಡಿಸಲಿಲ್ಲ ಎಂದು ನೀವಿಬ್ಬರೂ ತಿಳಿದಿದ್ದೀರಿ. ಹಾಗಲ್ಲ. ಅವರ ಕೆಲಸ ಬಹಳ ಜನರಿಗೆ ಕೇಳಿಸಿಯೇ ಇಲ್ಲ.

ನೀವು ಕಳಿಸಿದ ಹಾಡುಗಳನ್ನು ಮೊದಲು ಚೆಂಬೂರಿನ ನನ್ನ ಮನೆಯಲ್ಲಿ, ಎರಡು ದೊಡ್ಡ ಸ್ಪೀಕರುಗಳ ನಡುವೆ ಕೂತು ಕೇಳಿದೆ. ಮೂರನೆಯ ಹಾಡಿನ ಎರಡನೆಯ ಚರಣದಲ್ಲಿ ನಿಮ್ಮ ಗಿಟಾರ್ ನಿಂತುಬಿಡುತ್ತದೆ, ಬೇಸ್ ಒಂದೇ ನಿಮ್ಮ ದನಿಯನ್ನು ಹೊತ್ತುಕೊಂಡು ಹೋಗುತ್ತದೆ, ಸಾಲಿನ ಕೊನೆಗೆ ಅವರ ದನಿ ಕೆಳಗಿನಿಂದ ಬಂದು ಸೇರಿಕೊಳ್ಳುತ್ತದೆ. ಆಲ್ಬಮ್ಮಿನಲ್ಲೇ ನನಗೆ ಅತಿ ಹೆಚ್ಚು ಇಷ್ಟವಾದ ಜಾಗ ಅದು. ಬಳಿಕ ಅದೇ ಹಾಡನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಮೊಬೈಲಿನಲ್ಲಿ ಹಾಕಿದೆ. ಅದೇ ಜಾಗದಲ್ಲಿ ನಿಮ್ಮ ದನಿ ಒಂಟಿಯಾಗಿ ನಿಂತಿತ್ತು. ಬೇಸ್ ಇಲ್ಲ, ಎರಡನೆಯ ದನಿ ಇದ್ದೂ ಇಲ್ಲದ ಹಾಗೆ.

ಕಾರಣ ಸರಳ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ನಾದ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮೊಬೈಲಿನ ಪುಟ್ಟ ಸ್ಪೀಕರು 200 ಹರ್ಟ್ಸಿಗಿಂತ ಕೆಳಗಿನದನ್ನು ಸರಿಯಾಗಿ ನುಡಿಸಲಾರದು. ಅದರ ಗಾತ್ರಕ್ಕೆ ಅಷ್ಟು ಗಾಳಿಯನ್ನು ತಳ್ಳುವ ಶಕ್ತಿ ಇಲ್ಲ. ಆದರೂ ಅನುಭವಿಗಳು ಮಾಡಿದ ಹಾಡುಗಳಲ್ಲಿ ಮೊಬೈಲಿನಲ್ಲೂ ಬೇಸ್ ಇದೆ ಅನ್ನಿಸುತ್ತದಲ್ಲ, ಅದು ಹೇಗೆ? ಯಾವುದೇ ತಂತಿ ತನ್ನ ಮೂಲನಾದದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಮೇಲಿನ ನಾದಗಳನ್ನೂ ಹೊರಡಿಸುತ್ತದೆ. ಆ ಮೇಲಿನವು ಕೇಳಿಸಿದರೆ ಸಾಕು, ಕೇಳಿಸದ ಮೂಲನಾದವನ್ನು ನಮ್ಮ ಕಿವಿಯೂ ಮಿದುಳೂ ಸೇರಿ ತುಂಬಿಕೊಳ್ಳುತ್ತವೆ. ನಿಮ್ಮ ಬೇಸ್ ತೀರಾ ನಯವಾಗಿದೆ. ಮೇಲಿನ ನಾದಗಳನ್ನು ಯಾರೋ ಒರೆಸಿ ತೆಗೆದಂತಿದೆ. ಸ್ಟುಡಿಯೋದಲ್ಲಿ ಇಂಥದ್ದಕ್ಕೆ ಸ್ವಲ್ಪ ‘ಸ್ಯಾಚುರೇಶನ್’ ಹಾಕು ಎನ್ನುತ್ತೇವೆ, ಅಂದರೆ ನಾದವನ್ನು ಕೊಂಚ ಒರಟು ಮಾಡುವುದು. ನಿಮ್ಮ ಕಂಪ್ಯೂಟರಿನ ತಂತ್ರಾಂಶದಲ್ಲಿ ಅದು ಖಂಡಿತ ಇರುತ್ತದೆ.

ಎರಡನೆಯ ದನಿಯ ಕಥೆ ಬೇರೆ. ಅದನ್ನು ಅಗಲವಾಗಿ ಕೇಳಿಸಲು ನಿಮ್ಮ ಗೆಳತಿ ಯಾವುದೋ ಸ್ಟೀರಿಯೋ ಪರಿಣಾಮವನ್ನು ಹಾಕಿದ್ದಾರೆ. ಇಯರ್‌ಫೋನಿನಲ್ಲಿ ಅದು ಎರಡೂ ಕಿವಿಯ ಸುತ್ತ ಸೊಗಸಾಗಿ ಹರಡಿಕೊಳ್ಳುತ್ತದೆ. ಆದರೆ ಎಡ ಬಲ ಎರಡೂ ಒಂದೇ ಸ್ಪೀಕರಿಗೆ ಬಂದು ಸೇರಿದಾಗ ಒಂದರ ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ದನಿ ಅಳಿಯುತ್ತದೆ. ಒಂದೇ ಸ್ಪೀಕರಿನ ಮೊಬೈಲು, ಬ್ಲೂಟೂತ್ ಡಬ್ಬಿ, ಹೋಟೆಲಿನ ಗೋಡೆಗೆ ತೂಗುಹಾಕಿದ ಪೆಟ್ಟಿಗೆ, ಎಲ್ಲ ಕಡೆಯೂ ಇದೇ ಪಾಡು. ಮಿಕ್ಸ್ ಮುಗಿಯುವ ಮುನ್ನ ಒಮ್ಮೆ, ಎಡ ಬಲಗಳನ್ನು ಒಂದಾಗಿಸುವ ‘ಮೋನೋ’ ಗುಂಡಿ ಒತ್ತಿ ಕೇಳುವುದು ನಮ್ಮ ಕಸುಬಿನ ಮೊದಲ ಪಾಠ. ಮಲಗುವ ಕೋಣೆಯಲ್ಲಿ ಅದನ್ನು ಹೇಳಿಕೊಡುವವರು ಯಾರಿದ್ದಾರೆ?

ಈಗ ನಿಮ್ಮ ಪತ್ರವನ್ನು ನೀವೇ ಮತ್ತೆ ಓದಿ. ಕೋಥರೂಡಿನಲ್ಲಿ ಬೇಸ್ ಗಿಟಾರಿಗೆ ಸರಿಯಾದ ಆಂಪ್ಲಿಫೈಯರ್ ಇತ್ತು, ಗೆಳತಿಯ ಮುಂದೆ ಮೈಕ್ ಇತ್ತು, ಜನ ಅವರನ್ನು ಮುತ್ತಿಕೊಂಡರು. ‘ಬೆಚ್ಚಗಿದೆ’ ಎಂದವರನ್ನು ವಿಚಾರಿಸಿ, ಇಯರ್‌ಫೋನಿನಲ್ಲಿ ಕೇಳಿದವರಾಗಿರುತ್ತಾರೆ ಎಂಬುದು ನನ್ನ ಊಹೆ. ‘ಟೊಳ್ಳಾಗಿದೆ’ ಎಂದವರು ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದ್ದಾರೆ. ದನಿಯ ಮಟ್ಟ ಇಳಿದಷ್ಟೂ ಕೆಳಗಿನ ನಾದಗಳಿಗೆ ನಮ್ಮ ಕಿವಿ ಮಂದವಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಮೇಲಧಿಕಾರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಹಾಡು ಹಾಕಿಕೊಂಡ ಕಚೇರಿಯವರಿಗೂ ನಿಮ್ಮ ಗೆಳತಿ ಸಿಕ್ಕಿರಲಾರರು. ಪರಸ್ಪರ ಜಗಳವಾಡುವಂತೆ ಕಾಣುವ ಈ ಅಭಿಪ್ರಾಯಗಳಲ್ಲಿ ಅರ್ಧದಷ್ಟು ಬೇರೆ ಬೇರೆ ಯಂತ್ರಗಳಿಂದ ಬಂದವು. ದಯವಿಟ್ಟು ಈ ಉತ್ತರವನ್ನು ನಿಮ್ಮ ಗೆಳತಿಗೆ ಓದಿ ಹೇಳಿ. ‘ಆ ಇನ್ನೊಬ್ಬಳು ಏನು ಮಾಡುತ್ತಾಳೆ’ ಎಂದು ಕೇಳಿದ ಪ್ರತಿಯೊಬ್ಬರಿಗೂ ಮೂರನೆಯ ಹಾಡನ್ನು ಇಯರ್‌ಫೋನಿನಲ್ಲಿ ಮತ್ತೊಮ್ಮೆ ಕೇಳಲು ಕಳಿಸಿ. ಒಳ್ಳೆಯ ಜೋಡಿಯೊಂದು ಅಗ್ಗದ ಸ್ಪೀಕರಿನ ಮಾತು ಕೇಳಿ ಒಡೆಯುವುದನ್ನು ನೋಡಲು ನನಗಂತೂ ಸಾಧ್ಯವಿಲ್ಲ.

ಇನ್ನು ‘ಒಂದೇ ಥರ’ ಮತ್ತು ‘ಸಂಬಂಧವಿಲ್ಲ’. ಎರಡೂ ನಿಜ. ಎರಡರಿಂದ ಐದನೆಯವರೆಗಿನ ನಾಲ್ಕು ಹಾಡುಗಳು ಹೆಚ್ಚುಕಡಿಮೆ ಒಂದೇ ನಡಿಗೆಯವು, ಗಿಟಾರಿನ ಮೀಟೂ ಅದೇ, ದನಿಗೆ ಹಾಕಿದ ಪ್ರತಿಧ್ವನಿಯ ಗುಂಗೂ ಅದೇ. ದನಿಯನ್ನು ಕೇಳುವವನಿಗೆ ಅವು ಒಂದೇ ಹಾಡು. ಸಾಹಿತ್ಯವನ್ನು ಕೇಳುವವನಿಗೋ, ಅಜ್ಜಿಯ ಕುಂದಾಪುರದ ಮನೆಯಿಂದ ಎದ್ದು ದಾದರ್ ನಿಲ್ದಾಣದ ಸೇತುವೆಗೆ, ಅಲ್ಲಿಂದ ಮರಾಠಿಯ ಪ್ರೇಮಕ್ಕೆ ನೀವು ಎಲ್ಲೂ ನಿಲ್ಲದೆ ಹಾರಿದ್ದೀರಿ. ಹಾಡುಗಳ ಸರದಿಯನ್ನು ಬದಲಿಸಿದ್ದರೆ ಎರಡು ದೂರುಗಳೂ ಸಾಕಷ್ಟು ಇಳಿಯುತ್ತಿದ್ದವು. ಏಳನೆಯ ಹಾಡು ಮೂರನೆಯದಾಗಲಿ, ಮರಾಠಿಯ ಎರಡೂ ಅಕ್ಕಪಕ್ಕ ಬೇಡ.

ಜೋಡಿಗಳ ಚರಿತ್ರೆಯಿಂದ ಒಂದು ಸಂಗತಿ ನಿಮಗೆ ಉಪಯೋಗವಾದೀತು. ಅಮೆರಿಕದ ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ ಮೊದಲ ಆಲ್ಬಂ 1964ರ ಅಕ್ಟೋಬರಿನಲ್ಲಿ ಬಂತು. ಬರಿಯ ಎರಡು ದನಿ, ಮುಖ್ಯವಾಗಿ ಗಿಟಾರ್. ಯಾರೂ ಕೊಳ್ಳಲಿಲ್ಲ. ಒಬ್ಬ ಇಂಗ್ಲೆಂಡಿಗೆ ಹೊರಟುಹೋದ, ಇನ್ನೊಬ್ಬ ಓದಿಗೆ ಮರಳಿದ. 1965ರ ಜೂನ್‌ನಲ್ಲಿ ನಿರ್ಮಾಪಕ ಟಾಮ್ ವಿಲ್ಸನ್ ಅವರಿಬ್ಬರನ್ನು ಕೇಳದೆಯೇ, ಆ ಆಲ್ಬಮ್ಮಿನ ಒಂದು ಹಾಡಿನ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ನುಡಿಸಿ ಸೇರಿಸಿದ. ಹಾಡಿಕೆ ಹಳೆಯದೇ, ಒಂದು ಉಸಿರೂ ಬದಲಾಗಲಿಲ್ಲ. ‘ದ ಸೌಂಡ್ ಆಫ್ ಸೈಲೆನ್ಸ್’ ಎಂಬ ಆ ಹಾಡು 1966ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಕೇಳದೆ ಮಾಡಿದ್ದನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಕೇಳುಗರು ‘ಬೇಜಾರು’ ಎಂದಾಗ ಅವರಿಗೆ ಬೇಜಾರಾದದ್ದು ಹಾಡಿನಿಂದಲೇ ಆಗಿರಬೇಕಿಲ್ಲ, ಅದಕ್ಕೆ ಉಡಿಸಿದ ಬಟ್ಟೆಯಿಂದಲೂ ಆಗಿರಬಹುದು. ಅದನ್ನು ಬಿಡಿಸಿ ಹೇಳುವುದು ಕೇಳುಗರ ಕೆಲಸವಲ್ಲ. ಹುಡುಕಿಕೊಳ್ಳಬೇಕಾದವರು ನೀವು.

ಮುಂಬೈ ವಾಸನೆಯ ಮಾತಿಗೆ ನನಗೆ ಸಿಟ್ಟು ಬಂತು. ಡೊಂಬಿವಲಿಯಲ್ಲಿ ಹುಟ್ಟಿ, ಮರಾಠಿ ಶಾಲೆಗೆ ಹೋಗಿ, ಮನೆಯಲ್ಲಿ ಅಮ್ಮನಿಂದ ಕನ್ನಡ ಕಲಿತ ಹುಡುಗಿ ಬೆಂಗಳೂರಿನವಳಂತೆ ಏಕೆ ಹಾಡಬೇಕು? ಕುಂದಾಪುರದ್ದೂ ಠಾಣೆ ಜಿಲ್ಲೆಯದೂ ಕೂಡಿದ ಆ ರಾಗವೇ ನಿಮ್ಮ ಗುರುತು, ಅದನ್ನು ತಿದ್ದಲು ಹೋಗಬೇಡಿ. ತಿದ್ದಿಕೊಳ್ಳಬೇಕಾದದ್ದು ಒಂದಿದೆ. ಐದನೆಯ ಹಾಡಿನ ಪಲ್ಲವಿಯಲ್ಲಿ ತಾಳದ ಪೆಟ್ಟು ಬೀಳುವುದು ಹ್ರಸ್ವಾಕ್ಷರಗಳ ಮೇಲೆ, ನೀವು ಅವನ್ನು ದೀರ್ಘವಾಗಿ ಎಳೆದಿದ್ದೀರಿ. ದೀರ್ಘವಿದ್ದಲ್ಲಿ ಓಡಿದ್ದೀರಿ. ಅರ್ಥ ಕೆಡುತ್ತದೆ, ಕಿವಿ ಎಡವುತ್ತದೆ. ಬೆಂಗಳೂರಿನವರು ವಾಸನೆ ಎಂದು ಕರೆದದ್ದು ಪ್ರಾಯಶಃ ಈ ಎಡವುವಿಕೆಯನ್ನೇ. ಸಾಲನ್ನು ಮೊದಲು ಜೋರಾಗಿ ಓದಿ, ಬಾಯಿ ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲಿ ಪೆಟ್ಟು ಇಡಿ.

ಯಾರನ್ನು ನಂಬಲಿ ಎಂದು ಕೇಳಿದಿರಿ. ಹೊಗಳಿದವರು ಎಷ್ಟು, ತೆಗಳಿದವರು ಎಷ್ಟು ಎಂದು ಎಣಿಸುವುದನ್ನು ಇವತ್ತೇ ಬಿಟ್ಟುಬಿಡಿ. ಜಾಗ ತೋರಿಸಿ ಮಾತಾಡಿದವರನ್ನು ಹುಡುಕಿ. ‘ನಾಲ್ಕನೆಯ ಹಾಡು ಅರ್ಧಕ್ಕೆ ಬಂದಾಗ ಮನಸ್ಸು ಬೇರೆಡೆಗೆ ಹೋಯಿತು’ ಎಂದು ಬರೆದವರು, ಅವರು ನಿಮ್ಮನ್ನು ಬೈದಿದ್ದರೂ ಸರಿ, ಹಾಡನ್ನು ಕೇಳಿದ್ದಾರೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ. ಅವರು ಸೂಚಿಸುವ ಮದ್ದು ತಪ್ಪಿರಬಹುದು, ನೋವಿನ ಜಾಗ ಸುಳ್ಳಾಗುವುದಿಲ್ಲ. ಚಿಕ್ಕಮ್ಮ, ದೊಡ್ಡಪ್ಪ, ಸಂಘದ ಹಿರಿಯರು ‘ತುಂಬಾ ಚೆನ್ನಾಗಿದೆ ಮಗಾ’ ಎಂದದ್ದು ಪ್ರೀತಿ. ಅದನ್ನು ಪ್ರೀತಿಯೆಂದೇ ತೆಗೆದುಕೊಳ್ಳಿ, ವಿಮರ್ಶೆಯ ಲೆಕ್ಕಕ್ಕೆ ಹಿಡಿಯಬೇಡಿ. ಮತ್ತು ಈ ಮಾತುಗಳನ್ನೆಲ್ಲ ಇಬ್ಬರೂ ಒಟ್ಟಿಗೆ ಕೂತು ಓದಿ. ನಿಮಗೆ ಬಂದದ್ದನ್ನು ನೀವು, ಅವರಿಗೆ ಬಂದದ್ದನ್ನು ಅವರು ಮರೆಯಲ್ಲಿ ಓದಿಕೊಂಡರೆ ಬಿರುಕು ಬಿಡುವುದು ಅಲ್ಲಿಂದಲೇ.

ಪ್ರಶ್ನೆ: ಒಂದೇ ಸಲ ಕೇಳಿ ಒಂದು ಆಲ್ಬಂ ಹೇಗಿದೆ ಎಂದು ಹೇಳಬಹುದೇ? – ಓದುಗರು, ಮುಲುಂಡ್

ಉತ್ತರ: ನಿಮಗೆ ಹಿಡಿಸಿತೇ ಎಂದು ಹೇಳಬಹುದು, ಅಷ್ಟೇ. ಮುಂಬೈಯ ಕಾಲಾ ಘೋಡಾದಲ್ಲಿದ್ದ ಹಾಡಿನ ಅಂಗಡಿ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಅಲ್ಲಿನ ಪುಟ್ಟ ಗೂಡುಗಳಲ್ಲಿ ನಿಂತು ಹಾಡು ಕೇಳಿ, ಒಪ್ಪಿಗೆಯಾದರೆ ಕೊಂಡು ಮನೆಗೆ ಒಯ್ಯುತ್ತಿದ್ದೆವು. ದುಡ್ಡು ಕೊಟ್ಟದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದೆವು, ಮೂರನೆಯ ವಾರಕ್ಕೆ ಹಿಡಿಸಿದ ಹಾಡುಗಳೂ ಇದ್ದವು. ಈಗ ಹೊಸಬರ ಹಾಡು, ಅದನ್ನು ಕೇಳಬೇಕೆಂದು ಬಯಸದವರ ಕಿವಿಗೂ ತಾನಾಗಿ ಹೋಗಿ ಬೀಳುತ್ತದೆ. ಅವರು ಅರ್ಧಕ್ಕೆ ಬಿಟ್ಟು ಅಭಿಪ್ರಾಯ ಬರೆಯುತ್ತಾರೆ. ಪ್ರತಿಕ್ರಿಯೆ ಇಷ್ಟು ಚೆಲ್ಲಾಪಿಲ್ಲಿಯಾಗಲು ಇದೂ ಒಂದು ಕಾರಣ.

ಪ್ರಶ್ನೆ: ನನ್ನ ಮಗ ಮತ್ತು ಅವನ ಸ್ನೇಹಿತ ಸೇರಿ ಆಲ್ಬಂ ಮಾಡಿದ್ದಾರೆ. ಹೊಗಳುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ಆದರೆ ಕೈಗೆ ಒಂದು ಪೈಸೆ ಬಂದಿಲ್ಲ. ಹಾಗಾದರೆ ಜನರಿಗೆ ಹಿಡಿಸಿಲ್ಲ ಎಂದೇ ಅಲ್ಲವೇ? – ತಂದೆಯೊಬ್ಬರು, ಚಿಂಚವಡ, ಪುಣೆ

ಉತ್ತರ: ಅಲ್ಲ ರಾಯರೇ. ದುಡ್ಡಿನ ಲೆಕ್ಕವೇ ಬೇರೆ, ಹಿಡಿಸುವುದರ ಲೆಕ್ಕವೇ ಬೇರೆ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈಯಲ್ಲಿ ಹಾಡೊಂದು 30 ಸೆಕೆಂಡು ಓಡಿದರೆ ಮಾತ್ರ ಒಂದು ಕೇಳುವಿಕೆ ಎಂದು ದಾಖಲಾಗುತ್ತದೆ. 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಕೇಳುವಿಕೆ ಇಲ್ಲದ ಹಾಡಿಗೆ ಅಲ್ಲಿ ರಾಯಧನವೇ ಹುಟ್ಟುವುದಿಲ್ಲ. ನಿಮ್ಮ ಮಗನ ಹಾಡನ್ನು 900 ಸಲ ಪ್ರೀತಿಯಿಂದ ಕೇಳಿದ್ದರೂ ಬರುವುದು ಸೊನ್ನೆ. ಇದು ಹೊಸಬರಿಗೆ ಅನ್ಯಾಯ ಎಂದು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಮಗನಿಗೆ ಎರಡು ವಿಷಯ ತಿಳಿಸಿ. ಹಾಡಿನ ಸಾಹಿತ್ಯ ಯಾರದು, ರಾಗ ಯಾರದು, ಪಾಲು ಎಷ್ಟೆಷ್ಟು ಎಂಬುದನ್ನು ಇಬ್ಬರೂ ಈಗಲೇ ಕಾಗದದ ಮೇಲೆ ಬರೆದು ಸಹಿ ಹಾಕಲಿ. ಪ್ರತಿಕ್ರಿಯೆ ಒಬ್ಬನ ಕಡೆ ವಾಲಿದ ದಿನ ಈ ಕಾಗದ ಸ್ನೇಹವನ್ನು ಉಳಿಸುತ್ತದೆ. ಎರಡನೆಯದು, ಸಾಹಿತಿ ಮತ್ತು ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಸ್ಥೆ 1969ರಿಂದ ಇದೆ, ಮುಖ್ಯ ಕಚೇರಿ ನಮ್ಮ ಮುಂಬೈಯಲ್ಲೇ. ಅಲ್ಲಿ ಸದಸ್ಯರಾಗಲಿ. ನಾಳೆ ಯಾವುದಾದರೂ ಕಂಪನಿ ಬಂದು ‘ಎಲ್ಲ ಹಕ್ಕು ನಮಗೆ ಬರೆದುಕೊಡಿ’ ಎಂದರೆ, 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಸಾಹಿತಿ, ಸಂಯೋಜಕರು ರಾಯಧನದಲ್ಲಿ ತಮ್ಮ ಪಾಲನ್ನು ಹಾಗೆ ಬಿಟ್ಟುಕೊಡುವಂತಿಲ್ಲ ಎಂಬುದು ಅವರಿಗೆ ಗೊತ್ತಿರಲಿ.

ಪ್ರಶ್ನೆ: ಈ ‘ಇಂಡಿ ಪಾಪ್’ ಎಂದರೇನು? ಮೊಮ್ಮಗಳು ಒಂದು ಜೋಡಿಯ ಆಲ್ಬಂ ಕೇಳಿಸಿದಳು. ಪಿಸುಗುಟ್ಟಿದಂತೆ ಹಾಡುತ್ತಾರೆ. ಗಮಕವಿಲ್ಲ, ಏರಿಳಿತವಿಲ್ಲ. ಇದಕ್ಕೂ ಅಭಿಮಾನಿಗಳಿದ್ದಾರಂತೆ! – ಹಿರಿಯ ಓದುಗರು, ಮಾತುಂಗಾ

ಉತ್ತರ: ಇಂಡಿ ಎಂದರೆ ಸ್ವತಂತ್ರ. ಆರಂಭದಲ್ಲಿ ಅದು ಶೈಲಿಯ ಹೆಸರಾಗಿರಲಿಲ್ಲ, ವ್ಯಾಪಾರದ ಹೆಸರು. ಬ್ರಿಟನ್ನಿನಲ್ಲಿ 1980ರ ಜನವರಿಯಲ್ಲಿ ಸ್ವತಂತ್ರ ಹಾಡುಗಳ ಪ್ರತ್ಯೇಕ ಪಟ್ಟಿ ಶುರುವಾದಾಗ, ದೊಡ್ಡ ಕಂಪನಿಗಳ ವಿತರಣೆ ಇಲ್ಲದೆ ಅಂಗಡಿ ಮುಟ್ಟಿದ್ದಕ್ಕೆ ಮಾತ್ರ ಅದರಲ್ಲಿ ಜಾಗವಿತ್ತು. 1986ರಲ್ಲಿ ಅಲ್ಲಿನ ಸಂಗೀತ ಪತ್ರಿಕೆಯೊಂದು 22 ತಂಡಗಳ ಒಂದೊಂದು ಹಾಡು ಸೇರಿಸಿ ‘ಸಿ86’ ಎಂಬ ಕ್ಯಾಸೆಟ್ಟನ್ನು ತಂದಿತು. ನೀವು ಕೇಳಿದ ಆ ಮೆತ್ತನೆಯ, ಪಕ್ಕದ ಮನೆಯವರು ಹಾಡಿದಂಥ ದನಿಗೆ ಇಂಡಿ ಎಂಬ ಹೆಸರು ಅಂಟಿಕೊಂಡದ್ದು ಆ ಸುಮಾರಿಗೆ.

ಪಿಸುಗುಟ್ಟುವುದು ಅಶಕ್ತಿಯಲ್ಲ, ಹಿರಿಯರೇ. ಮೈಕಿಗೆ ನಾಲ್ಕು ಬೆರಳು ದೂರದಲ್ಲಿ ಬಾಯಿಟ್ಟು ಹಾಡುವಾಗ ಸಭೆಯನ್ನು ತುಂಬಿಸುವ ಅಗತ್ಯವಿಲ್ಲ, ಒಂದು ಕಿವಿ ತುಂಬಿದರೆ ಸಾಕು. ಗಮಕ ಬೇಕೆಂಬ ನಿಮ್ಮ ಆಸೆ ನ್ಯಾಯವಾದದ್ದೇ, ಆದರೆ ಈ ಹಾಡುಗಳು ಕಟ್ಟಿರುವುದು ಎರಡು ದನಿಗಳ ನಡುವಿನ ಅಂತರದ ಮೇಲೆ. ಒಬ್ಬಳು ಗಾಂಧಾರದಲ್ಲಿ ನಿಂತಾಗ ಇನ್ನೊಬ್ಬಳು ಷಡ್ಜದಲ್ಲಿ ನಿಂತಿರುತ್ತಾಳೆ. ಮುಂದಿನ ಸಲ ಆ ಕೆಳಗಿನ ದನಿಯನ್ನೇ ಹಿಂಬಾಲಿಸಿ ಕೇಳಿ. ಅಲ್ಲಿ ಶ್ರುತಿ ತಪ್ಪಿದ್ದರೆ ನೀವು ನಿರ್ದಾಕ್ಷಿಣ್ಯವಾಗಿ ಹೇಳಬೇಕು, ಏಕೆಂದರೆ ಮೊಮ್ಮಗಳಿಗಿಂತ ಚೆನ್ನಾಗಿ ಅದು ನಿಮಗೆ ಗೊತ್ತಾಗುತ್ತದೆ.

ಸಿನಿಮಾದ ಹೊರಗೆ ಹಾಡು ಕಟ್ಟುವುದು ನಮಗೆ ಹೊಸತೂ ಅಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ, ಅದು ನಿಮ್ಮ ಮನೆಯಲ್ಲೂ ಇದ್ದೀತು. ರಘು ದೀಕ್ಷಿತರ ಮೊದಲ ಆಲ್ಬಂ ಅನ್ನು 2008ರಲ್ಲಿ ಹೊರತಂದವರು ಮುಂಬೈಯ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ. ಅದರಲ್ಲಿದ್ದ ಶಿಶುನಾಳ ಷರೀಫರ ಪದ ಗಿಟಾರಿನ ಜೊತೆ ದೇಶ ಸುತ್ತಿತು. ಆಗಲೂ ಮೂಗು ಮುರಿದವರಿದ್ದರು, ಕುಣಿದವರೂ ಇದ್ದರು. ಮೊಮ್ಮಗಳು ತಾನಾಗಿ ನಿಮ್ಮ ಪಕ್ಕ ಕೂತು ಹಾಡು ಕೇಳಿಸಿದ್ದಾಳೆ. ಅವಳಿಗೆ ಯಾವ ಹಾಡು ಇಷ್ಟ, ಏಕೆ ಇಷ್ಟ ಎಂದು ಕೇಳಿ.

ಪ್ರಶ್ನೆ: ಎಲ್ಲರೂ ಮೆಚ್ಚಿದ ಹೊಸ ಜೋಡಿಯೊಂದರ ಆಲ್ಬಂ ನನಗೆ ಹಿಡಿಸಲಿಲ್ಲ. ಚಿಕ್ಕ ವಯಸ್ಸಿನವರು, ನಮ್ಮ ಕನ್ನಡದ ಮಕ್ಕಳು. ಬರೆದು ತಿಳಿಸಲೇ, ಸುಮ್ಮನಿರಲೇ? – ಓದುಗಿ, ವಾಸ್ಕೋ, ಗೋವಾ

ಉತ್ತರ: ಬರೆಯಿರಿ ಅಮ್ಮ. ಯೂಟ್ಯೂಬ್ 2021ರ ನವೆಂಬರಿನಿಂದ ಮೆಚ್ಚದವರ ಸಂಖ್ಯೆಯನ್ನು ನೋಡುಗರಿಗೆ ತೋರಿಸುವುದನ್ನೇ ನಿಲ್ಲಿಸಿದೆ. ಇರುವ ಕಡೆಯೂ ಅಂಥ ಸಂಖ್ಯೆಯಿಂದ ಹಾಡುವವರು ಏನನ್ನೂ ಕಲಿಯಲಾರರು. ನಿಮ್ಮ ಮೂರು ಸಾಲಿನಿಂದ ಕಲಿಯಬಲ್ಲರು. ಎಲ್ಲರೆದುರು ಬೇಡ, ಅವರಿಗೇ ನೇರವಾಗಿ ಬರೆಯಿರಿ. ಯಾವ ಹಾಡು, ಯಾವ ಸಾಲು, ಏನು ಅನ್ನಿಸಿತು ಎಂಬುದಿರಲಿ. ಯಾವುದರಲ್ಲಿ ಕೇಳಿದಿರಿ, ಮೊಬೈಲೋ ಇಯರ್‌ಫೋನೋ ಎಂಬುದನ್ನೂ ತಪ್ಪದೆ ಸೇರಿಸಿ. ಡೊಂಬಿವಲಿಯ ಪತ್ರ ಓದಿದ ಮೇಲೆ ಅದು ಏಕೆಂದು ನಿಮಗೆ ಹೇಳಬೇಕಾಗಿಲ್ಲ. ಇಬ್ಬರನ್ನೂ ಹೆಸರು ಹಿಡಿದು ಕರೆದು ಬರೆಯಿರಿ, ಒಬ್ಬರನ್ನೇ ಅಲ್ಲ.